ಕುಲಾಯಿ ಅಂಚು ನೀಟಾಗಿ ಬರಲು ಕುಣಿಕೆ ಹೇಗೆ ಹಾಕಬೇಕು?

ಹುಬ್ಬಳ್ಳಿ, ವಿದ್ಯಾನಗರ: ತಂಗಿ ಬಾಣಂತನಕ್ಕೆ ಬಂದಿದ್ದಾಳೆ. ಕೂಸಿಗೆ ಕುಲಾಯಿ ಹೆಣೆಯುತ್ತಿದ್ದೇನೆ. ಲಾಂಗ್ ಟೇಲ್‌ನಲ್ಲಿ (ಉದ್ದ ಬಾಲದ ದಾರ ಬಿಟ್ಟುಕೊಂಡು ಮೊದಲ ಸಾಲಿನ ಕುಣಿಕೆ ಹಾಕುವ ವಿಧಾನ) ಶುರು ಮಾಡಿದರೆ ಅಂಚು ಬಿಗಿ ಬಂದು ತಲೆಗೆ ಹಿಗ್ಗುವುದೇ ಇಲ್ಲ. ಸಡಿಲ ಬಿಟ್ಟರೆ ಒಂದು ಕುಣಿಕೆ ದೊಡ್ಡದು, ಒಂದು ಸಣ್ಣದು. ದಾರ ಅಕ್ರಿಲಿಕ್, ಕಡ್ಡಿ 4 ಎಂಎಂ. ನೀವೆಲ್ಲ ಹೇಗೆ ಹಾಕುತ್ತೀರಿ, ಹೇಳ್ರಿ.

ಧಾರವಾಡ, ಮಾಳಮಡ್ಡಿ: ದಪ್ಪ ಕಡ್ಡಿಯಲ್ಲಿ ಹಾಕು ಅಂತ ನನಗೂ ಎಲ್ಲರೂ ಹೇಳಿದ್ದರು. 5.5ರ ಬಿದಿರಿನ ಕಡ್ಡಿಗೆ 280 ರೂಪಾಯಿ, ಕೊರಿಯರ್‌ಗೆ ಮತ್ತೆ 70. ಏನಾಯಿತು? ಮೊದಲ ಸಾಲಿನ ಕುಣಿಕೆಗಳು ಉದ್ದುದ್ದ ನಿಂತವು, ಕೆಳಗಿನ ಅಂಚು ಮೊದಲಿನಷ್ಟೇ ಬಿಗಿ. ಅಂಚು ಹಿಗ್ಗುವುದು ಎರಡು ಕುಣಿಕೆಗಳ ನಡುವೆ ಇರುವ ದಾರದಿಂದ, ಕಡ್ಡಿಯ ದಪ್ಪದಿಂದ ಅಲ್ಲ. ಈಗ ನಾನು ಹಾಕಿದ ಕುಣಿಕೆಯ ಪಕ್ಕ ತೋರುಬೆರಳು ಒತ್ತಿಟ್ಟು, ಚೂರು ಜಾಗ ಬಿಟ್ಟೇ ಮುಂದಿನದು ಹಾಕುತ್ತೇನೆ. 350 ರೂಪಾಯಿ ಸುಮ್ನೆ ದಂಡ. ದಯವಿಟ್ಟು ಯಾರಿಗೂ ದಪ್ಪ ಕಡ್ಡಿ ಹೇಳಬೇಡಿ.

ರಾಣೇಬೆನ್ನೂರು: ದಪ್ಪ ಆಗಲಿ ಅಂತ ಎರಡು ಕಡ್ಡಿ ಜೋಡಿಸಿ ಹಾಕಿಯೇ ನಾನು ಮಕ್ಕಳಿಬ್ಬರ ಸ್ವೆಟರ್ ಹೆಣೆದಿದ್ದೇನೆ ಅಕ್ಕಾ. ಯಾರಿಗೂ ಹೇಳಬೇಡಿ ಅನ್ನಲು ನೀವು ಯಾರು? ನನ್ನನ್ನು ಕಾಡಿದ್ದು ಬಾಲದ ದಾರ. ಅಗಲದ ಮೂರು ಪಟ್ಟು ಬಿಡಿ ಅಂತಾರೆ, ಅಷ್ಟು ಬಿಟ್ಟರೂ ದೊಡ್ಡ ಸ್ವೆಟರ್ ಬೆನ್ನಿಗೆ ಇನ್ನೇನು ಮುಗಿಯಿತು ಅನ್ನುವಾಗ ದಾರ ಸಾಲದೆ ಎಲ್ಲ ಬಿಚ್ಚಬೇಕು, ಬಿಚ್ಚಿ ಬಿಚ್ಚಿ ಎಳೆ ಎದ್ದು ಹಾಳಾಗಿ ಹೊಸ ಉಂಡೆ ತರಲು ಹೋದರೆ ಅಂಗಡಿಯವನು ಅದೇ ಬಣ್ಣ ಅಂತ ಬೇರೆ ಸಲ ಬಣ್ಣ ಅದ್ದಿದ, ಬೇರೆ ಲಾಟ್‌ನದ್ದು ಕೊಟ್ಟ. ಒಂದಕ್ಕೆ 85 ರೂಪಾಯಿ, ಆರು ಉಂಡೆ. ತೋಳು ಒಂದು ನಮೂನಿ, ಬೆನ್ನು ಒಂದು ನಮೂನಿ! ಈಗ ಉಂಡೆಯ ಒಳತುದಿ, ಹೊರತುದಿ ಎರಡನ್ನೂ ಸೇರಿಸಿ ಗಂಟು ಹಾಕಿ ಶುರು ಮಾಡುತ್ತೇನೆ. ಒಂದು ಬಾಲ, ಒಂದು ಹೆಣೆಯುವ ದಾರ. ಆ ಗಂಟನ್ನು ಕುಣಿಕೆ ಅಂತ ಎಣಿಸಬಾರದು, ಆಮೇಲೆ ಬಿಚ್ಚಿಬಿಡಬೇಕು.

ಗದಗ-ಬೆಟಗೇರಿ: ಕುಲಾಯಿಗೆ ಜರ್ಮನ್ ಟ್ವಿಸ್ಟೆಡ್ ಹಾಕ್ರಿ, ಅದೂ ಲಾಂಗ್ ಟೇಲ್‌ನದೇ ಒಂದು ಬಗೆ. ಹೆಬ್ಬೆರಳಿನ ದಾರಕ್ಕೆ ಒಂದು ತಿರುವು ಜಾಸ್ತಿ ಬೀಳುತ್ತದೆ, ರಿಬ್ (ಉಬ್ಬುತಗ್ಗು ಗೆರೆಯ ಹೆಣಿಗೆ) ಜೊತೆಗೇ ಹಿಗ್ಗುತ್ತದೆ. ಬಾಲ ಸ್ವಲ್ಪ ಉದ್ದ ಬೇಕು. ಕೇಬಲ್ ಕಾಸ್ಟ್ ಆನ್ ಅನ್ನುವ ಇನ್ನೊಂದು ವಿಧಾನ ಹಗ್ಗ ಹೊಸೆದ ಹಾಗೆ ಚಂದ ಕಾಣುತ್ತದೆ, ಆದರೆ ಅಷ್ಟಾಗಿ ಹಿಗ್ಗುವುದಿಲ್ಲ. ಅದು ಚೀಲಕ್ಕೆ, ಕಾಜಾಕ್ಕೆ ಇರಲಿ. ಮತ್ತೆ ಅಂಚು ಸುರುಳಿ ಸುತ್ತಿದರೆ ಇಸ್ತ್ರಿಗೆ ಕೊಡಬೇಡಿ. ನಮ್ಮ ಮನೆಯವರು ನನ್ನ ಅಕ್ರಿಲಿಕ್ ಸ್ವೆಟರ್ ಕೊಟ್ಟು ಬಂದರು, ಇಸ್ತ್ರಿಯವನು ಕಾದ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೇ ಒತ್ತಿದ. 640 ರೂಪಾಯಿಯ ದಾರ, ರಿಬ್ ಎಲ್ಲ ಚಪ್ಪಟೆ. ಅಕ್ರಿಲಿಕ್ ಬಿಸಿಗೆ ಒಮ್ಮೆ ಸೋತರೆ ಮತ್ತೆ ಏಳುವುದಿಲ್ಲ. ಕುರಿಯ ಉಣ್ಣೆ ಆಗಿದ್ದರೆ ಒದ್ದೆ ಮಾಡಿ ಹರವಿದ್ದರೆ ಸಾಕಿತ್ತು. ನನಗೆ ಇವತ್ತಿಗೂ ಸಿಟ್ಟಿದೆ.

ಧಾರವಾಡ, ಸಪ್ತಾಪುರ: ಗಂಟೇ ಯಾಕೆ ಬೇಕು? ಮೂಲೆಯಲ್ಲಿ ಉಬ್ಬಿ ಕಾಣುತ್ತದೆ. ಕಡ್ಡಿಗೆ ದಾರದ ಒಂದು ತಿರುವು ಹಾಕಿ, ಅದೇ ಮೊದಲ ಕುಣಿಕೆ. ನಮ್ಮ ಕಸೂತಿಯಲ್ಲಿ ಎಲ್ಲೂ ಗಂಟು ಹಾಕುವುದಿಲ್ಲ, ಎರಡೂ ಮಗ್ಗುಲು ಒಂದೇ ಥರ ಕಾಣಬೇಕು.

ರಾಣೇಬೆನ್ನೂರು: ನಾನು ಹೇಳಿದ್ದು ಬಿಚ್ಚುವ ಗಂಟು. ಪೂರ್ತಿ ಓದಿ ಮಾತಾಡ್ರಿ. ಕಸೂತಿಯಲ್ಲಿ ಎರಡೂ ಮಗ್ಗುಲು ಒಂದೇ ಥರ ಕಾಣುವುದು ಗವಂತಿ, ಮುರಗಿ ಹೊಲಿಗೆ ಮಾತ್ರ. ಮೆಂತಿ ಹೊಲಿಗೆ ತಿರುವಿ ನೋಡಿದ್ದೀರಾ?

ಧಾರವಾಡ, ಸಪ್ತಾಪುರ: ಇಳಕಲ್ ಸೀರೆ ಸೆರಗಿಗೆ ಮೆಂತಿ ಹಾಕಿ ಕೊಟ್ಟವಳು ನಾನು, ನನಗೇ ಕಲಿಸುತ್ತೀರಾ? ಮೆಂತಿಗೂ ಗಂಟು ಇಲ್ಲ. ಮೂಲೆ ಉಬ್ಬುವ ಮಾತಿಗೆ ಉತ್ತರ ಕೊಡಿ.

ಧಾರವಾಡ, ಮಾಳಮಡ್ಡಿ: ದಪ್ಪ ಕಡ್ಡಿಯ ಮಾತಿಗೂ ಉತ್ತರ ಬಂದಿಲ್ಲ.