ಅಪ್ಪ ತೀರಿಕೊಂಡ ಮೇಲೆ ಜಾನ್ ಮ್ಯೂರ್ ಟ್ರೇಲ್ ಒಬ್ಬನೇ ನಡೆಯೋದು: ಸಲಹೆ ಬೇಕು

ತುಂಗಾತೀರ:
ಅಪ್ಪ ಹೋಗಿ ಎಂಟು ತಿಂಗಳಾಯಿತು. ನಾನಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಆಗಸ್ಟ್‌ನಲ್ಲಿ ಮೂರು ವಾರ ರಜೆ ಇದೆ. ಅವರ ಹೆಸರಲ್ಲಿ ಇಲ್ಲಿನ ಸಿಯೆರಾ ನೆವಾಡಾ ಬೆಟ್ಟಗಳ ಚಾರಣದ ಹಾದಿ ಜಾನ್ ಮ್ಯೂರ್ ಟ್ರೇಲ್ ಪೂರ್ತಿ, ಯೊಸೆಮಿಟಿಯಿಂದ ಮೌಂಟ್ ವಿಟ್ನಿವರೆಗೆ, ಒಬ್ಬನೇ ನಡೆಯಬೇಕು ಅಂತಿದ್ದೇನೆ. ಎರಡು ಮೂರು ದಿನದ ಚಾರಣಗಳ ಅನುಭವ ಇದೆ. ಊಟ ಸಸ್ಯಾಹಾರ. ಹೇಗೆ ಯೋಜಿಸಬೇಕು? ಸ್ವಲ್ಪ ಅಸ್ಥಿಯನ್ನೂ ಜೊತೆಗೆ ಒಯ್ಯಬಹುದಾ?

ಕಾಡುಹಾದಿ:
ಮೊದಲು ಒಂದು ಮಾತು: ಇದನ್ನು ಹರಕೆ ಮಾಡಿಕೊಳ್ಳಬೇಡಿ. "ಅಪ್ಪನ ಹೆಸರಲ್ಲಿ ಪೂರ್ತಿ ಮುಗಿಸ್ತೀನಿ" ಅಂತ ಹೊರಟರೆ, ಮಧ್ಯದಲ್ಲಿ ವಾಪಸ್ ಬರಬೇಕಾದಾಗ ಅಪ್ಪನಿಗೇ ಮಾತು ತಪ್ಪಿದಂತೆ ಅನ್ನಿಸುತ್ತದೆ. ಆ ಭಾವನೆಯಲ್ಲೇ ಜನ ಗುಡುಗು ಕೇಳುತ್ತಿದ್ದರೂ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ದಾರಿ) ಹತ್ತುತ್ತಾರೆ.

ಎರಡನೆಯದು ಲೆಕ್ಕ. ಟ್ರೇಲ್ ಸುಮಾರು 340 ಕಿ.ಮೀ., ವಿಟ್ನಿಯಿಂದ ಕೆಳಗಿಳಿಯೋಕೆ ಇನ್ನೂ 17. ಮೂರು ವಾರದಲ್ಲಿ ಓಡಾಟ, ವಿಶ್ರಾಂತಿ ಕಳೆದರೆ ದಿನಕ್ಕೆ 20 ಕಿ.ಮೀ. ಬೀಳುತ್ತದೆ. ಆ ವೇಗದಲ್ಲಿ ಅಳೋಕೂ ಪುರುಸೊತ್ತಿರಲ್ಲ. ಅರ್ಧ ನಡೆಯಿರಿ: ಯೊಸೆಮಿಟಿಯಲ್ಲಿ ಟ್ರೇಲ್ ಶುರುವಾಗುವ ಹ್ಯಾಪಿ ಐಲ್ಸ್‌ನಿಂದ ದಕ್ಷಿಣಕ್ಕೆ ಮ್ಯೂರ್ ಟ್ರೇಲ್ ರಾಂಚ್‌ವರೆಗೆ ಸುಮಾರು 175 ಕಿ.ಮೀ., ಹದಿಮೂರು ಹದಿನಾಲ್ಕು ದಿನ, ಹೊರಬರೋದು ಫ್ಲಾರೆನ್ಸ್ ಲೇಕ್ ಕಡೆಯಿಂದ. ಈ ದಿಕ್ಕಿನಲ್ಲಿ ಎತ್ತರ ನಿಧಾನವಾಗಿ ಏರುತ್ತದೆ. ಟುವೊಲಮಿ ಮೆಡೋಸ್‌ನಲ್ಲಿ ರಸ್ತೆ ಸಿಗುತ್ತದೆ, ಸುಮಾರು 95ನೇ ಕಿ.ಮೀ.ಗೆ ರೆಡ್ಸ್ ಮೆಡೋ. "ಮುಂದೆ ಹೋಗ್ತೀನಾ?" ಅಂತ ರೆಡ್ಸ್ ಮೆಡೋದಲ್ಲಿ ಕೂತು ಹೊಸದಾಗಿ ನಿರ್ಧರಿಸಿ.

ಊಟದ ಸಮಸ್ಯೆಯೂ ಹೀಗೇ ಬಗೆಹರಿಯುತ್ತದೆ. ಕರಡಿ ಡಬ್ಬಿ, ಅಂದರೆ ಕರಡಿಗೆ ತೆರೆಯಲಾಗದ ಊಟದ ಡಬ್ಬಿ, ಕಡ್ಡಾಯ. ದೊಡ್ಡದು ಅಂದರೂ 11.5 ಲೀಟರ್, ಒತ್ತಿ ತುಂಬಿದರೆ ಏಳು ದಿನದ್ದು. ರಾಂಚ್ ದಾಟಿದ ಮೇಲೆ ದಾರಿಯಲ್ಲೇ ಊಟ ತುಂಬಿಕೊಳ್ಳುವ ಜಾಗ ಇಲ್ಲ. ಕೀರ್‌ಸಾರ್ಜ್ ಪಾಸ್ ಹತ್ತಿ ಹೊರಗೆ ಹೋಗಿಬರಬೇಕು, ಇಲ್ಲವೇ ಹತ್ತು ದಿನದ ಊಟ ಹೊರಬೇಕು.

ದಿನಕ್ಕೆ ಒಣ ಪದಾರ್ಥ 700 ಗ್ರಾಂ ಇಟ್ಟುಕೊಳ್ಳಿ. 3,000 ಮೀಟರ್‌ನಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯಲ್ಲ, ಗ್ಯಾಸ್ ಮುಗಿಯುತ್ತದೆ ಅಷ್ಟೇ. ಗೊಜ್ಜವಲಕ್ಕಿ, ಹುರಿಹಿಟ್ಟು, ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ, ಕಡಲೆಬೀಜ. ಅವಲಕ್ಕಿ ಉಬ್ಬಿ ಜಾಗ ತಿನ್ನುತ್ತದೆ. ಗೊಜ್ಜಿಗೆ ತರಿ ಮಾಡಿಕೊಂಡರೆ ಡಬ್ಬಿಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ತುಪ್ಪ ಒಂದು ಪುಟ್ಟ ಬಾಟಲಿ, ಪ್ರತಿ ಊಟಕ್ಕೆ ಒಂದು ಚಮಚ. ದುಃಖದಲ್ಲಿ ಮೊದಲೇ ಹಸಿವಿರಲ್ಲ, ಎತ್ತರದಲ್ಲಿ ಇನ್ನೂ ಸಾಯುತ್ತದೆ. ಹಸಿವಿಗೆ ಕಾಯದೆ ಎರಡು ಗಂಟೆಗೊಮ್ಮೆ ಏನಾದರೂ ತಿನ್ನಿ. ಯೊಸೆಮಿಟಿಯಿಂದ ಹೊರಡೋಕೆ ಬೇಕಾದ ಪರ್ಮಿಟ್‌ನ ಲಾಟರಿ 24 ವಾರ ಮೊದಲೇ ನಡೆಯುತ್ತದೆ. ಅದು ತಪ್ಪಿದ್ದರೆ ದಿನವೂ ಕ್ಯಾನ್ಸಲೇಶನ್ ನೋಡುತ್ತಿರಿ.

ನೀಲಕುರಿಂಜಿ:
ಮೇಲಿನವರ ಮಾತಿಗೆ ಆರೋಗ್ಯದ ಕಡೆಯಿಂದ ಸೇರಿಸುತ್ತೇನೆ. ನಿದ್ದೆ ಬಾರದಿರೋದು, ಊಟ ಸೇರದಿರೋದು, ಸುಸ್ತು: ಇವು ದುಃಖದಲ್ಲೂ ಇರುತ್ತವೆ, ಎತ್ತರದ ಕಾಯಿಲೆಯಲ್ಲೂ ಇರುತ್ತವೆ. ಒಬ್ಬರೇ ಇದ್ದಾಗ "ಮನಸ್ಸು ಸರಿಯಿಲ್ಲ, ಅದಕ್ಕೇ" ಅಂತ ತಳ್ಳಿಹಾಕೋದು ಸುಲಭ. ನಿಯಮ ಹೀಗಿರಲಿ: 2,500 ಮೀಟರ್ ಮೇಲೆ ತಲೆನೋವಿನ ಜೊತೆ ವಾಕರಿಕೆಯೋ ತಲೆಸುತ್ತೋ ಬಂದರೆ ಅದು ಎತ್ತರದ್ದೇ. ಆ ದಿನ ಮೇಲೆ ಹತ್ತಬೇಡಿ, ಹೆಚ್ಚಾದರೆ ಇಳಿಯಿರಿ. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಆ ಕ್ಷಣವೇ ಇಳಿದು ಸಹಾಯ ಕರೆಯಿರಿ.

ನಿದ್ದೆ ಮಾತ್ರೆ ತಗೊಳ್ತಿದ್ದರೆ ಹೊರಡುವ ಮೊದಲು ವೈದ್ಯರಿಗೆ ಹೇಳಿ. ಕೆಲವು ಮಾತ್ರೆ ಎತ್ತರದಲ್ಲಿ ಉಸಿರಾಟವನ್ನು ಕುಗ್ಗಿಸುತ್ತವೆ. ಖಿನ್ನತೆಯ ಔಷಧಿ ಇದ್ದರೆ "ಬೆಟ್ಟದಲ್ಲಿ ಬೇಡ" ಅಂತ ಥಟ್ಟನೆ ನಿಲ್ಲಿಸಬೇಡಿ.

ಮೊದಲ ಎರಡು ಮೂರು ದಿನ ಹೆಗಲು, ಪಾದದ ನೋವೇ ಗಮನವನ್ನೆಲ್ಲ ತಿನ್ನುತ್ತದೆ. ಮೈ ಹೊಂದಿಕೊಂಡ ಮೇಲೆ ಮನಸ್ಸು ಖಾಲಿಯಾಗಿ ದುಃಖ ಒಮ್ಮೆಲೇ ಏರಿಬರಬಹುದು. ಅತ್ತರೆ ತಪ್ಪಿಲ್ಲ, ಅದಕ್ಕೇ ಹೋಗಿರೋದು. ಆದರೆ ಕಣ್ಣು ಮಂಜಾಗಿರುವಾಗ ತೊರೆ ದಾಟಬೇಡಿ. ಬ್ಯಾಗ್ ಇಳಿಸಿ ಕೂತು ನೀರು ಕುಡಿದು, ಕೋಲು ಕೈಗೆ ತಗೊಂಡು, ಸೊಂಟದ ಬಕಲ್ ಬಿಚ್ಚಿಕೊಂಡು ಆಮೇಲೆ ಕಾಲಿಡಿ. ಬಿದ್ದರೆ ಬ್ಯಾಗ್ ಕಳಚಿ ಹೋಗಬೇಕು, ನಿಮ್ಮನ್ನು ಎಳೆದುಕೊಂಡು ಹೋಗಬಾರದು.

ಕಷ್ಟದ ಹೊತ್ತು ಸಂಜೆ. ಮೂರೂವರೆಗೆ ಟೆಂಟ್ ಹಾಕಿ; ಮಧ್ಯಾಹ್ನದ ಸಿಡಿಲಿನಿಂದಲೂ ತಪ್ಪಿಸಿಕೊಂಡಂತಾಯಿತು. ಸಾಕ್ಸ್ ಒಗೆಯೋದು, ನೀರು ಸೋಸೋದು, ಬರೆಯೋದು ಎಲ್ಲ ಆ ಹೊತ್ತಿಗೆ ಉಳಿಸಿ. ಫೋನಿನಲ್ಲಿ ಅಪ್ಪನ ವಾಯ್ಸ್ ಮೆಸೇಜ್ ಇದ್ದರೆ ಊಟವಾದ ಮೇಲೆ ಕೇಳಿ, ರಾತ್ರಿ ಎರಡಕ್ಕೆ ಎಚ್ಚರವಾದಾಗ ಬೇಡ.

ಒಂದು ವೇಳೆ "ನಾನೂ ಇಲ್ಲದಿದ್ದರೆ ಒಳ್ಳೇದು" ಅನ್ನೋ ಯೋಚನೆ ಬರುತ್ತಿದ್ದರೆ ಈ ವರ್ಷ ಒಬ್ಬರೇ ಹೋಗಬೇಡಿ. ಇವತ್ತೇ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ.

ತುಂಗಾತೀರ:
ಅಂಥ ಯೋಚನೆ ಇಲ್ಲ. ಅರ್ಧ ದಾರಿಯ ಮಾತು ಒಪ್ಪಿದೆ. ಊರಲ್ಲಿ ಅಮ್ಮ ಒಬ್ಬರೇ, ಮೆಸೇಜ್ ಬರದಿದ್ದರೆ ಗಾಬರಿಯಾಗ್ತಾರೆ.

ಹಳೇಸೇತುವೆ:
ಫೋನ್ ಸಿಗ್ನಲ್ ಇಲ್ಲದಲ್ಲೂ ಮೆಸೇಜ್ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ಒಯ್ಯಿರಿ, ಆದರೆ ಅಮ್ಮನನ್ನು ಮುಖ್ಯ ಸಂಪರ್ಕ ಮಾಡಬೇಡಿ. ಕ್ಯಾಲಿಫೋರ್ನಿಯಾದಲ್ಲೇ ಇರುವ ಗೆಳೆಯರೊಬ್ಬರ ಹತ್ತಿರ ಪರ್ಮಿಟ್ ಪ್ರತಿ, ದಿನವಾರು ಕ್ಯಾಂಪ್ ಪಟ್ಟಿ, ಟೆಂಟಿನ ಬಣ್ಣ ಇರಲಿ. ಮೆಸೇಜ್ ನಿಂತು 24 ಗಂಟೆಯಾದರೆ ಅವರೇ ಪಾರ್ಕ್‌ಗೆ ಫೋನ್ ಮಾಡಲಿ. ಅಮ್ಮನಿಗೆ ಅವರ ಮೂಲಕ ಸುದ್ದಿ ಹೋಗಲಿ. "ಒಂದು ದಿನ ಸುದ್ದಿ ಬರದಿದ್ದರೂ ಹೆದರಬೇಡಮ್ಮ, ಬ್ಯಾಟರಿಯೋ ಮರದ ಮರೆಯೋ ಇರುತ್ತೆ" ಅಂತ ಹೊರಡುವ ಮೊದಲೇ ಹೇಳಿ.

ಅಸ್ಥಿ ಒಯ್ಯೋಕೆ ಅಡ್ಡಿ ಇಲ್ಲ, ವಿಸರ್ಜನೆಗೆ ಪಾರ್ಕಿನ ಅನುಮತಿ ಬೇಕು. ಪರ್ಮಿಟ್ ಜೊತೆಗೇ ಪ್ರತ್ಯೇಕವಾಗಿ ಬರೆದು ಕೇಳಿ. ಸಾಮಾನ್ಯವಾಗಿ ನೀರಿನಿಂದ, ದಾರಿಯಿಂದ ದೂರದಲ್ಲಿ ಚೆಲ್ಲಬೇಕು, ಕಲ್ಲು ಜೋಡಿಸಿ ಗುರುತು ಮಾಡಬಾರದು ಅನ್ನುವ ಷರತ್ತಿರುತ್ತದೆ. ಅಂದರೆ ಹರಿಯುವ ನೀರಿಗೆ ಬಿಡೋದು ಇಲ್ಲಿ ಆಗಲ್ಲ. ಮನೆಯವರಿಗೆ ಅದು ಮುಖ್ಯ ಅನ್ನಿಸಿದರೆ ಆ ಭಾಗವನ್ನು ಊರಿಗೇ ಇಟ್ಟುಕೊಳ್ಳಿ. ಅರಿಶಿನ, ಕುಂಕುಮ, ಹೂವು ಬಿಟ್ಟು ಬರುವಂತಿಲ್ಲ. ಅಕ್ಕಿಕಾಳು ಕೂಡ ಪ್ರಾಣಿಗಳನ್ನು ಸೆಳೆಯುತ್ತದೆ.

ಕೊನೆಯದಾಗಿ, ನೀರಿನ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ನಾಳಗಳು ಸೀಳುತ್ತವೆ, ಹೊರಗಿನಿಂದ ಏನೂ ಗೊತ್ತಾಗಲ್ಲ. ರಾತ್ರಿ ಜಿಪ್ ಚೀಲದಲ್ಲಿ ಹಾಕಿ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಳ್ಳಿ. ಕ್ಲೋರಿನ್ ಮಾತ್ರೆ ಹತ್ತಾದರೂ ಜೊತೆಗಿರಲಿ. ಮ್ಯೂರ್ ಟ್ರೇಲ್ ರಾಂಚ್‌ಗೆ ಮೊದಲೇ ಊಟ ತುಂಬಿದ ಬಕೆಟ್ ಕಳಿಸೋದಾದರೆ ಮೂರು ವಾರ ಮೊದಲೇ ಕಳಿಸಿ.