ಪಿಜಿಟಿಐ ಕಾರ್ಡ್ ಸಿಕ್ಕಿದೆ. ಮೊದಲ ಸೀಸನ್‌ಗೆ ಹೇಗೆ ತಯಾರಾಗಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ:

ನನ್ನ ತಮ್ಮನಿಗೆ 23 ವರ್ಷ. ಕ್ವಾಲಿಫೈಯಿಂಗ್ ಸ್ಕೂಲ್ (ಕ್ಯೂ ಸ್ಕೂಲ್) ಎಂಬ ಅರ್ಹತಾ ಟೂರ್ನಿ ಆಡಿ ಪಿಜಿಟಿಐ, ಅಂದರೆ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾದಲ್ಲಿ ಆಡುವ ಹಕ್ಕಿನ ಕಾರ್ಡ್ ಪಡೆದಿದ್ದಾನೆ. ನಮ್ಮ ಮನೆಯಲ್ಲಿ ಈ ದಾರಿಯಲ್ಲಿ ಹೋದವರು ಯಾರೂ ಇಲ್ಲ. ಸಿಕ್ಕ ಟೂರ್ನಿಗೆಲ್ಲ ಹೋಗಬೇಕಾ, ಆರಿಸಿಕೊಂಡು ಹೋಗಬೇಕಾ? ಬ್ಯಾಗ್ ಹೊತ್ತು ಸಲಹೆ ಕೊಡುವ ಸ್ವಂತ ಕ್ಯಾಡಿ ಬೇಕಾ? ದುಡ್ಡಿನ ಲೆಕ್ಕ ಹೇಗೆ ಹಾಕುವುದು? ಆಡಿದವರು, ಜೊತೆಗೆ ಓಡಾಡಿದವರು ದಯವಿಟ್ಟು ಬರೆಯಿರಿ.

ಆರು ಸೀಸನ್ ಆಡಿದವನ ಉತ್ತರ:

ಮೊದಲು ತಮ್ಮನಿಗೆ ಅಭಿನಂದನೆ ಹೇಳಿ. ಕ್ಯೂ ಸ್ಕೂಲ್ ದಾಟುವುದು ಸಣ್ಣ ಮಾತಲ್ಲ.

ದುಡ್ಡಿನ ವಿಷಯದಿಂದಲೇ ಶುರು ಮಾಡುತ್ತೇನೆ. ನನ್ನ ಆಟ ಕೆಟ್ಟಿದ್ದು ಅಲ್ಲಿಂದಲೇ. ಒಂದು ಕೋಟಿ ರೂಪಾಯಿ ಬಹುಮಾನದ ಟೂರ್ನಿಯಲ್ಲಿ ಗೆದ್ದವನಿಗೆ ಸುಮಾರು 15 ಲಕ್ಷ ಸಿಗುತ್ತದೆ. ಮನೆಯವರ ಕಣ್ಣಿಗೆ ಬೀಳುವುದು ಆ ಅಂಕಿ. ಆದರೆ ಮೊದಲ ದಿನ ನೂರಕ್ಕೂ ಜಾಸ್ತಿ ಜನ ಟೀ ಮೇಲೆ, ಅಂದರೆ ಮೊದಲ ಹೊಡೆತದ ಜಾಗದಲ್ಲಿ ನಿಲ್ಲುತ್ತಾರೆ. ಎರಡು ದಿನ, 36 ಹೋಲ್ ಆದಮೇಲೆ ಕಟ್ ಬೀಳುತ್ತದೆ. ಮೊದಲ 50 ಮಂದಿ ಮತ್ತು 50ನೇ ಸ್ಥಾನದಲ್ಲಿ ಸಮ ಇರುವವರು ಮಾತ್ರ ಮುಂದಿನ ಎರಡು ದಿನ ಆಡುತ್ತಾರೆ. ಉಳಿದವರಿಗೆ ಒಂದು ರೂಪಾಯಿಯೂ ಇಲ್ಲ. ಪ್ರವೇಶ ಶುಲ್ಕ, ಪ್ರಯಾಣ, ರೂಮು, ಕ್ಯಾಡಿ, ಇವೆಲ್ಲ ಅಷ್ಟರಲ್ಲಿ ಖರ್ಚಾಗಿರುತ್ತವೆ.

ಎರಡನೇ ಸೀಸನ್‌ನಲ್ಲಿ ನಾನು ಸಾಲಾಗಿ ನಾಲ್ಕು ಟೂರ್ನಿಯಲ್ಲಿ ಕಟ್ ದಾಟಲಿಲ್ಲ. ಐದನೆಯದರಲ್ಲಿ ಕೊನೆಯ ಹೋಲ್‌ನಲ್ಲಿ ಆರು ಅಡಿಯ ಪಟ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ ಉಳಿದಿತ್ತು. ಹಾಕಿದರೆ ಕಟ್ ಒಳಗೆ. ಚೆಂಡಿನ ಮುಂದೆ ನಿಂತಾಗ ನನ್ನ ತಲೆಯಲ್ಲಿ ಗ್ರೀನಿನ (ಕುಳಿ ಸುತ್ತಲಿನ ನುಣುಪು ಹುಲ್ಲಿನ ಜಾಗ) ಇಳಿಜಾರು ಇರಲಿಲ್ಲ. ರೂಮಿನ ಬಾಡಿಗೆ ಇತ್ತು. ಪಟ್ ಎಡಕ್ಕೆ ಹೋಯಿತು. ಅವತ್ತು ರಾತ್ರಿಯ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಬಹುಮಾನದಿಂದಲೇ ಮುಂದಿನ ವಾರದ ಟಿಕೆಟ್ ಆಗಬೇಕು ಎನ್ನುವ ಹಾಗೆ ಬದುಕುತ್ತಿದ್ದೆ. ಅದೇ ತಪ್ಪಾಗಿತ್ತು.

ಮುಂದಿನ ವರ್ಷ ಮೊದಲ ಟೂರ್ನಿಗೆ ಮುಂಚೆಯೇ ಇಡೀ ಸೀಸನ್‌ನ ಖರ್ಚನ್ನು ಬೇರೆ ಖಾತೆಗೆ ಹಾಕಿಟ್ಟೆ. ಅರ್ಧ ಸ್ವಂತದ್ದು, ಅರ್ಧ ಚಿಕ್ಕಪ್ಪ ಕೊಟ್ಟಿದ್ದು. ಬಹುಮಾನ ಸೊನ್ನೆ ಎಂದೇ ಲೆಕ್ಕ ಹಿಡಿದೆ. ಸ್ವಿಂಗ್ ಅದೇ, ಪಟ್ಟರ್ ಅದೇ. ಆದರೂ ಆ ವರ್ಷ ಕಟ್ ದಾಟಿದ್ದು ತುಂಬಾ ಜಾಸ್ತಿ. ನಿಮ್ಮ ತಮ್ಮನಿಗೂ ಇದನ್ನೇ ಮಾಡಿ. ಇಡೀ ಸೀಸನ್‌ಗೆ ಸಾಲದಿದ್ದರೆ ಎಷ್ಟು ಟೂರ್ನಿಗೆ ಸಾಕೋ ಅಷ್ಟನ್ನೇ ಮೊದಲೇ ನಿಗದಿ ಮಾಡಿ. ಹದಿನೈದನ್ನು ಹೆದರುತ್ತಾ ಆಡುವುದಕ್ಕಿಂತ ಹತ್ತನ್ನು ನೆಮ್ಮದಿಯಾಗಿ ಆಡಲಿ.

ಆರಿಸಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ವರ್ಷದ ಗಳಿಕೆಯ ಪಟ್ಟಿಯಲ್ಲಿ ಮೊದಲ 60ರೊಳಗೆ ಬಂದವರಿಗೆ ಮುಂದಿನ ವರ್ಷದ ಕಾರ್ಡ್ ಉಳಿಯುತ್ತದೆ. ಹಾಗಾಗಿ ಸೀಸನ್‌ನ ಮೊದಲ ಅರ್ಧದಲ್ಲಿ ಅವಕಾಶ ಬಿಡಬೇಡಿ. ಆದರೆ ಸತತ ಮೂರು ವಾರ ಆದಮೇಲೆ ಒಂದು ವಾರ ಮನೆಗೆ ಬರಲಿ. ನಾಲ್ಕನೇ ವಾರಕ್ಕೆ ಕಾಲು ಸೋಲುತ್ತದೆ. ಕಾಲು ಸೋತರೆ ಮೊದಲು ಹಾಳಾಗುವುದು ಸಣ್ಣ ಶಾಟ್‌ಗಳು.

ಒಂದೊಂದು ಕೋರ್ಸ್ ಒಂದೊಂದು ತರಹದ ಆಟ ಕೇಳುತ್ತದೆ. ಡೆಲ್ಲಿ ಗಾಲ್ಫ್ ಕ್ಲಬ್‌ನ ಲೋಧಿ ಕೋರ್ಸ್‌ನಲ್ಲಿ ಫೇರ್‌ವೇ, ಅಂದರೆ ಚೆಂಡು ಬೀಳಬೇಕಾದ ಹುಲ್ಲಿನ ದಾರಿ ಕಿರಿದು, ಎರಡೂ ಕಡೆ ದಟ್ಟ ಪೊದೆ. ಅಲ್ಲಿ ಚೆಂಡು ಒಳಗೆ ಹೋದರೆ ಹುಡುಕಲು ಇರುವುದು ಮೂರೇ ನಿಮಿಷ. ಅನುಭವ ಇದ್ದವರು ಎಷ್ಟೋ ಹೋಲ್‌ಗಳಲ್ಲಿ ಅತಿ ದೂರ ಹೊಡೆಯುವ ಕೋಲು, ಡ್ರೈವರ್ ಅನ್ನು ಹೊರಗೆ ತೆಗೆಯುವುದೇ ಇಲ್ಲ. ದೂರ ಹೊಡೆಯುವುದನ್ನೇ ನಂಬಿಕೊಂಡ ಹುಡುಗರಿಗೆ ಅಲ್ಲಿ ಬಹಳ ಕಷ್ಟ.

ಇನ್ನೊಂದು ನನಗೆ ಯಾರೂ ಹೇಳಿರಲಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಚೆಂಡು ಸ್ವಲ್ಪ ದೂರ ಹೋಗುತ್ತದೆ. ಕೋಲ್ಕತ್ತಾದಲ್ಲಿ ಅದೇ ಕ್ಲಬ್ (ಹೊಡೆಯುವ ಕೋಲು), ಅದೇ ಹೊಡೆತ, 150 ಗಜಕ್ಕೆ ನಾಲ್ಕೈದು ಗಜ ಮೊದಲೇ ಬೀಳುತ್ತದೆ. ಡೆಲ್ಲಿ, ಚಂಡೀಗಢದ ಚಳಿಗಾಲದ ಬೆಳಗ್ಗೆ ಇನ್ನೂ ಕಮ್ಮಿ. ನಾನು ಸ್ವಿಂಗ್ ಕೆಟ್ಟಿದೆ ಅಂದುಕೊಂಡು ಎರಡು ವಾರ ಅದನ್ನು ಸುಮ್ನೆ ತಿದ್ದುತ್ತಾ ಕೂತೆ. ಊರಿಗೊಂದು ದೂರದ ಪಟ್ಟಿ ಬರೆದುಕೊಳ್ಳಲು ಹೇಳಿ.

ಚಿಪ್ಪಿಂಗ್ (ಗ್ರೀನ್ ಹತ್ತಿರದ ಸಣ್ಣ ಹೊಡೆತ), ಪಟ್ಟಿಂಗ್ ಅಭ್ಯಾಸಕ್ಕೆ ಅರ್ಧ ದಿನ ಇಡಲಿ. ಎಸ್‌ಎಸ್‌ಪಿ ಚೌರಾಸಿಯಾ ಅವರನ್ನು ನೋಡಿ. ಅವರ ತಂದೆ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್‌ನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ಚೌರಾಸಿಯಾ ದೂರ ಹೊಡೆಯುವ ಆಟಗಾರ ಅಲ್ಲವೇ ಅಲ್ಲ. ಆದರೂ 2008ರಲ್ಲಿ ಡೆಲ್ಲಿಯಲ್ಲಿ ಇಂಡಿಯನ್ ಮಾಸ್ಟರ್ಸ್ ಗೆದ್ದರು. ಆಮೇಲೆ 2016 ಮತ್ತು 2017ರಲ್ಲಿ ಇಂಡಿಯನ್ ಓಪನ್ ಕೂಡ ಗೆದ್ದರು. ಗ್ರೀನ್ ಸುತ್ತ ಅವರ ಕೈ ಅಂಥದ್ದು. ನಮ್ಮ ಕರ್ನಾಟಕದ ಗಾಲ್ಫರ್ ಚಿಕ್ಕರಂಗಪ್ಪ ಬಿಡದಿಯ ಈಗಲ್‌ಟನ್ ಗಾಲ್ಫ್ ಕೋರ್ಸ್‌ನಲ್ಲಿ ಕ್ಯಾಡಿಯಾಗಿದ್ದವರು. ಅಲ್ಲಿಂದ ಏಷ್ಯನ್ ಟೂರ್‌ವರೆಗೆ ಹೋದರು. ಮನೆಯಲ್ಲಿ ಯಾರೂ ಈ ದಾರಿಯಲ್ಲಿ ಹೋಗಿಲ್ಲ ಎಂದು ಬರೆದಿದ್ದೀರಿ, ಅದಕ್ಕೇ ಇವರಿಬ್ಬರ ಹೆಸರು ನೆನಪಾಯಿತು.

ಕ್ಯಾಡಿಯಾಗಿ ಒಂಬತ್ತು ವರ್ಷ ಕೆಲಸ ಮಾಡಿದವನ ಉತ್ತರ:

ಸ್ವಂತ ಕ್ಯಾಡಿ ಎಂದರೆ ವಾರದ ಸಂಬಳ, ಬಹುಮಾನದಲ್ಲಿ ಪಾಲು, ಜೊತೆಗೆ ಅವನ ಪ್ರಯಾಣವೂ ಆಟಗಾರನ ತಲೆ ಮೇಲೆ. ಮೊದಲ ವರ್ಷ ಬೇಡ ಅಂತ ನಾನೇ ಹೇಳುತ್ತೇನೆ. ಆ ಕೋರ್ಸ್‌ನ ಕ್ಯಾಡಿಯನ್ನೇ ತೆಗೆದುಕೊಳ್ಳಲಿ. ಆದರೆ ಅಭ್ಯಾಸದ ದಿನದಿಂದಲೇ ಅವನು ಜೊತೆಗಿರಬೇಕು. ಮೊದಲ ಸುತ್ತಿನ ಬೆಳಗ್ಗೆ ಕೈಗೆ ಬ್ಯಾಗ್ ಕೊಟ್ಟರೆ ಅವನಿಗೂ ನಿಮ್ಮ ಹುಡುಗನ ಹೊಡೆತ ಗೊತ್ತಿರುವುದಿಲ್ಲ.

ಕೇಳಬೇಕಾದ್ದು ಹುಲ್ಲಿನ ವಿಷಯ. ನಮ್ಮಲ್ಲಿ ಬಹಳಷ್ಟು ಗ್ರೀನ್‌ಗಳು ಬರ್ಮುಡಾ ಹುಲ್ಲಿನವು. ಆ ಹುಲ್ಲು ಒಂದು ಕಡೆಗೆ ವಾಲಿ ಬೆಳೆಯುತ್ತದೆ. ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಹೊಳೆದರೆ ಅದು ಮುಂದಕ್ಕೆ ವಾಲಿದೆ, ಪಟ್ ಬೇಗ ಓಡುತ್ತದೆ. ಕಪ್ಪಗೆ ಕಂಡರೆ ನಿಮ್ಮ ಕಡೆಗೆ ವಾಲಿದೆ, ಗಟ್ಟಿಯಾಗಿ ತಳ್ಳಬೇಕು. ಮಧ್ಯಾಹ್ನದ ಮೇಲೆ ಹುಲ್ಲು ಬೆಳೆದು ಇದು ಇನ್ನೂ ಜಾಸ್ತಿ ಆಗುತ್ತದೆ. ಮಧ್ಯಾಹ್ನ ಟೀ ಟೈಮ್ (ಆಟ ಶುರು ಮಾಡುವ ಸಮಯ) ಸಿಕ್ಕವರು ಬೆಳಗಿನ ಪಟ್‌ಗಳನ್ನು ನಂಬಿ ಮೋಸ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಯಾವ ಕ್ಯಾಡಿ ಇದ್ದರೂ ಕ್ಲಬ್ ಎಣಿಸುವುದು ಆಟಗಾರನ ಕೆಲಸವೂ ಹೌದು. 14ಕ್ಕಿಂತ ಜಾಸ್ತಿ ಇರುವಂತಿಲ್ಲ. ಒಮ್ಮೆ ಅಭ್ಯಾಸಕ್ಕೆ ತಂದ ವೆಜ್ ಎಂಬ ಸಣ್ಣ ದೂರದ ಕ್ಲಬ್ ಒಂದನ್ನು ನಾನು ಬ್ಯಾಗಿನಿಂದ ತೆಗೆಯಲು ಮರೆತೆ. ಎರಡನೇ ಹೋಲ್‌ನಲ್ಲಿ ನೋಡಿದೆವು. ಆಡಿದ ಎರಡೂ ಹೋಲ್‌ಗೆ ಎರಡೆರಡು, ಒಟ್ಟು ನಾಲ್ಕು ಸ್ಟ್ರೋಕ್ (ಹೊಡೆತ) ದಂಡ. ಆ ಹುಡುಗ ನನಗೆ ಒಂದು ಮಾತೂ ಅನ್ನಲಿಲ್ಲ. ಅದು ಇವತ್ತಿಗೂ ನನಗೆ ನೋವು. ಅವತ್ತಿನಿಂದ ಮೊದಲ ಟೀ ಮೇಲೆ ಇಬ್ಬರೂ ಜೋರಾಗಿ ಎಣಿಸುತ್ತಿದ್ದೆವು.

ಟೀ ಟೈಮ್‌ಗೆ ಐದು ನಿಮಿಷದೊಳಗೆ ತಡವಾದರೆ ಎರಡು ಸ್ಟ್ರೋಕ್, ಐದು ದಾಟಿದರೆ ಟೂರ್ನಿಯಿಂದಲೇ ಹೊರಗೆ. ಉತ್ತರದಲ್ಲಿ ಚಳಿಗಾಲದ ಮಂಜಿನಿಂದ ಸಮಯ ಮುಂದೆ ಹೋಗುವುದು ಉಂಟು. ಹಾಗಂತ ರೂಮಿನಲ್ಲಿ ಮಲಗಿರಬಾರದು. ಸ್ಕೋರ್‌ಕಾರ್ಡ್‌ನಲ್ಲಿ ಯಾವುದೇ ಹೋಲ್‌ಗೆ ಆಡಿದ್ದಕ್ಕಿಂತ ಕಮ್ಮಿ ಬರೆದು ಒಪ್ಪಿಸಿದರೆ ಅನರ್ಹ. ಸುಸ್ತಾಗಿದ್ದರೂ ಕೂತು ಒಂದೊಂದೇ ಹೋಲ್ ಓದಿ ಸಹಿ ಹಾಕಲಿ.

ಆಟಗಾರನೊಬ್ಬನ ಅಕ್ಕನ ಉತ್ತರ:

ನನ್ನ ತಮ್ಮನ ಲೆಕ್ಕಪತ್ರ ನೋಡಿಕೊಂಡವಳು ನಾನು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಲಗೇಜ್. ಗಾಲ್ಫ್ ಬ್ಯಾಗ್, ಶೂ, ಬಟ್ಟೆ ಸೇರಿದರೆ ಅದು ಸಾಲುವುದಿಲ್ಲ. ಟಿಕೆಟ್ ಜೊತೆಗೇ ಹೆಚ್ಚುವರಿ ತೂಕ ಬುಕ್ ಮಾಡಿ, ಕೌಂಟರ್‌ನಲ್ಲಿ ದುಬಾರಿ. ಅಸ್ಸಾಂನ ಡಿಗ್ಬೋಯಿಯಂಥ ಜಾಗಕ್ಕೆ ದಿಬ್ರುಗಢಕ್ಕೆ ಹಾರಿ ಅಲ್ಲಿಂದ ರಸ್ತೆಯಲ್ಲಿ ಹೋಗಬೇಕು. ಇನ್ನೂ ಇಬ್ಬರು ಹುಡುಗರ ಜೊತೆ ಸೇರಿ ಕಾರು, ರೂಮು ಹಂಚಿಕೊಂಡರೆ ಎಷ್ಟೋ ಉಳಿಯುತ್ತದೆ. ಪ್ರತಿ ಬಿಲ್ ಫೋಟೋ ತೆಗೆದಿಡಿ. ವರ್ಷದ ಕೊನೆಗೆ ತೆರಿಗೆ ಲೆಕ್ಕಕ್ಕೆ ಬೇಕಾಗುತ್ತದೆ.

ಫೋನ್ ಮಾಡಿದಾಗ ಸ್ಕೋರ್ ಕೇಳಬೇಡಿ. ಅದು ನಿಮಗೆ ಮೊದಲೇ ಗೊತ್ತಿರುತ್ತದೆ ಅಲ್ವಾ. ನಾನು ಮೊದಲೆಲ್ಲ ಅದನ್ನೇ ಕೇಳುತ್ತಿದ್ದೆ. ಕೆಟ್ಟ ದಿನಗಳಲ್ಲಿ ಅವನು ಫೋನ್ ಎತ್ತುವುದನ್ನೇ ಬಿಟ್ಟ. ಆಮೇಲೆ ಊಟ ಆಯ್ತಾ, ರೂಮು ಹೇಗಿದೆ ಅಂತ ಮಾತ್ರ ಕೇಳಲು ಶುರು ಮಾಡಿದೆ. ಸ್ವಲ್ಪ ದಿನಕ್ಕೆ ಅವನೇ ಎಲ್ಲ ಹೇಳತೊಡಗಿದ.

ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ಬೇರೆ ಖಾತೆಯ ಮಾತು ಇವತ್ತೇ ಮನೆಯಲ್ಲಿ ಮಾತಾಡುತ್ತೇನೆ. ಇನ್ನೊಂದೇ ಪ್ರಶ್ನೆ. 60ರೊಳಗೆ ಬರದೆ ಕಾರ್ಡ್ ಹೋದರೆ?

ಆರು ಸೀಸನ್ ಆಡಿದವನು:

ಮತ್ತೆ ಕ್ಯೂ ಸ್ಕೂಲ್ ಇದೆ. ನಾನು ಎರಡು ಸಲ ಹೋಗಿದ್ದೇನೆ. 2024ರಿಂದ ಟೂರ್‌ನದೇ ನೆಕ್ಸ್‌ಜೆನ್ ಎಂಬ ಕೆಳಗಿನ ಹಂತದ ಟೂರ್ನಿಗಳೂ ಬಂದಿವೆ, ಮೂರು ದಿನದ 54 ಹೋಲ್ ಆಟ. ನಮ್ಮ ಕಾಲದಲ್ಲಿ ಅದಿರಲಿಲ್ಲ. ಸದ್ಯಕ್ಕೆ ಅದನ್ನು ಬಿಡಿ. ಮೊದಲ ಟೂರ್ನಿಗೆ ಎರಡು ದಿನ ಮುಂಚೆ ಹೋಗಲಿ. ಒಂದು ಸುತ್ತು ಪೂರ್ತಿ ಆಡಲಿ. ಮರುದಿನ ವೆಜ್, ಪಟ್ಟರ್ ಎರಡೇ ಹಿಡಿದು 18 ಗ್ರೀನ್ ನಡೆಯಲಿ. ಪ್ರತಿ ಗ್ರೀನ್‌ನಲ್ಲೂ ಚೆಂಡು ಎಲ್ಲಿ ತಪ್ಪಿದರೆ ಚಿಪ್ ಸುಲಭ ಅನ್ನುವುದನ್ನು ಕೋರ್ಸ್‌ನ ದೂರಗಳಿರುವ ಯಾರ್ಡೇಜ್ ಬುಕ್‌ನಲ್ಲಿ ಗುರುತು ಹಾಕಿಕೊಳ್ಳಲಿ. ಬುಕ್ ತುಂಬಿದ ಮೇಲೆ ಅದರ ಫೋಟೋ ಇಲ್ಲಿ ಹಾಕಿ. ನಾನೂ ನೋಡಿ ಹೇಳುತ್ತೇನೆ.