ಸೇನಾ ತರಬೇತಿ ಸಿಮ್ಯುಲೇಟರ್ ಸಾಫ್ಟ್‌ವೇರ್ ಕೆಲಸಕ್ಕೆ ಏನು ಕಲಿಯಬೇಕು? ಪ್ರಾಜೆಕ್ಟಿನಲ್ಲಿ ಹಡಗು ನಡುಗುತ್ತಿದೆ

ಕಾಳಿ_ಸಂಗಮ:
ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ, ಏಳನೇ ಸೆಮ್. ಸೇನೆಯ ತರಬೇತಿ ಸಿಮ್ಯುಲೇಟರ್‌ಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೇ ಹೋಗಬೇಕು ಅಂತಿದೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಹಡಗು ನಡೆಸುವ ಸಿಮ್ಯುಲೇಟರ್ ಮಾಡುತ್ತಿದ್ದೇವೆ. ಕಾರವಾರದ ಕೊಲ್ಲಿ, ಎರಡು ಲ್ಯಾಪ್‌ಟಾಪ್, ನಡುವೆ ವೈಫೈ ಮೇಲೆ ಓಪನ್-ಡಿಐಎಸ್ (ಸಿಮ್ಯುಲೇಟರ್‌ಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ಡಿಐಎಸ್ ಮಾನದಂಡದ ಲೈಬ್ರರಿ). ಆಚೆ ಲ್ಯಾಪ್‌ಟಾಪಿನಲ್ಲಿ ಹಡಗು ಸದಾ ನಡುಗುತ್ತದೆ. ಜೊತೆಗೆ ಐದು ಸೆಕೆಂಡ್ ನಿಂತು ಒಮ್ಮೆಲೇ ಮುಂದಕ್ಕೆ ಹಾರುತ್ತದೆ. ಯಾಕೆ? ಈ ಕೆಲಸಕ್ಕೆ ಯೂನಿಟಿ ಬಂದರೆ ಸಾಕಾ? ನೌಕಾನೆಲೆ ಪಕ್ಕದಲ್ಲೇ ಇದೆಯಲ್ಲ, ಅಲ್ಲಿ ಅವಕಾಶ ಇರುತ್ತದಾ?

ದೇವಗಡ_ದೀಪ:
ನಡುಗುವುದಕ್ಕೂ ಹಾರುವುದಕ್ಕೂ ಕಾರಣ ಬೇರೆ ಬೇರೆ.

ಮೊದಲು ನಡುಕ. ಡಿಐಎಸ್‌ನಲ್ಲಿ ಹಡಗಿನ ಸ್ಥಾನ ಭೂಮಿಯ ಕೇಂದ್ರದಿಂದ ಅಳೆದ ಎಕ್ಸ್, ವೈ, ಝಡ್ ಮೀಟರುಗಳಲ್ಲಿ, 64 ಬಿಟ್ ಡಬಲ್ (ಹೆಚ್ಚು ನಿಖರವಾದ ದಶಮಾಂಶ ಸಂಖ್ಯೆ) ಆಗಿ ಬರುತ್ತದೆ. ಯೂನಿಟಿ ಸ್ಥಾನ ಇಡುವ ವೆಕ್ಟರ್3 ಮಾತ್ರ 32 ಬಿಟ್ ಫ್ಲೋಟ್, ಅಂದರೆ ಕಡಿಮೆ ನಿಖರ. ಕಾರವಾರ ಸುಮಾರು 14.8 ಡಿಗ್ರಿ ಉತ್ತರ, 74.1 ಡಿಗ್ರಿ ಪೂರ್ವ. ಲೆಕ್ಕ ಹಾಕಿದರೆ ವೈ ಸುಮಾರು 59 ಲಕ್ಷ ಮೀಟರ್ ಬರುತ್ತದೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಫ್ಲೋಟ್ ಅರ್ಧ ಮೀಟರಿಗಿಂತ ಸಣ್ಣ ಹೆಜ್ಜೆ ಇಡಲಾರದು. ಎಕ್ಸ್ ಮತ್ತು ಝಡ್ 16-17 ಲಕ್ಷದ ಆಸುಪಾಸು, ಅಲ್ಲಿ ಹೆಜ್ಜೆ 12.5 ಸೆಂ.ಮೀ. ಹೀಗೆ ಒಂದೊಂದು ಅಕ್ಷ ಒಂದೊಂದು ಅಳತೆಯಲ್ಲಿ ಹಾರುವುದೇ ನಿಮಗೆ ಕಾಣುವ ನಡುಕ. ಕಾಳಿ ನದಿಯ ಅಳಿವೆಯ ಹತ್ತಿರ ಒಂದು ಮೂಲಬಿಂದು ಇಟ್ಟುಕೊಳ್ಳಿ. ಬಂದ ಸ್ಥಾನದಿಂದ ಅದನ್ನು ಕಳೆಯುವುದು, ಪೂರ್ವ-ಉತ್ತರ-ಮೇಲೆ ದಿಕ್ಕುಗಳಿಗೆ ತಿರುಗಿಸುವುದು ಎರಡನ್ನೂ ಡಬಲ್‌ನಲ್ಲೇ ಮುಗಿಸಿ, ಕೊನೆಗೆ ಮಾತ್ರ ಫ್ಲೋಟ್ ಮಾಡಿ. ಮೊದಲೇ ಫ್ಲೋಟ್ ಮಾಡಿ ಆಮೇಲೆ ಕಳೆದರೆ ಪ್ರಯೋಜನವಿಲ್ಲ, ನಿಖರತೆ ಆಗಲೇ ಹೋಗಿರುತ್ತದೆ.

ಇನ್ನು ಹಾರುವುದು. ಐದು ಸೆಕೆಂಡ್ ಅಂದರೆ ಡಿಐಎಸ್‌ನ ಡೀಫಾಲ್ಟ್ ಹಾರ್ಟ್‌ಬೀಟ್, ಏನೂ ಬದಲಾಗದಿದ್ದರೂ ಸ್ಥಿತಿ ಕಳಿಸುವ ಅವಧಿ. ಎಂಟಿಟಿ ಸ್ಟೇಟ್ ಪಿಡಿಯು (ಹಡಗಿನ ಸ್ಥಾನ, ವೇಗ ಹೊತ್ತ ಪ್ಯಾಕೆಟ್) ಬರುವವರೆಗೆ ನಿಮ್ಮ ರಿಸೀವರ್ ಸುಮ್ಮನೆ ಕಾಯುತ್ತಿದೆ. 12 ನಾಟ್ ವೇಗದ ಹಡಗು ಅಷ್ಟರಲ್ಲಿ 31 ಮೀಟರ್ ಹೋಗಿರುತ್ತದೆ. ಬಂದ ವೇಗವನ್ನು ಬಳಸಿ ರಿಸೀವರ್ ತಾನೇ ಸ್ಥಾನ ಮುಂದುವರಿಸಬೇಕು, ಇದೇ ಡೆಡ್ ರೆಕನಿಂಗ್. ಅಲ್ಗೊರಿದಂ ಕ್ಷೇತ್ರದಲ್ಲಿ 1 ಇದ್ದರೆ 'ನಿಂತ ವಸ್ತು' ಎಂದರ್ಥ, ಅದನ್ನು 2 (ಸ್ಥಿರ ವೇಗ) ಮಾಡಿ. ಕಳಿಸುವ ಕಡೆಯೂ ಅದೇ ಲೆಕ್ಕ ಓಡುತ್ತಿರಬೇಕು. ನಿಜ ಸ್ಥಾನಕ್ಕೂ ಲೆಕ್ಕದ ಸ್ಥಾನಕ್ಕೂ 1 ಮೀಟರ್, ಅಥವಾ ದಿಕ್ಕಿನಲ್ಲಿ 3 ಡಿಗ್ರಿ ವ್ಯತ್ಯಾಸ ಬಂದ ಕೂಡಲೇ ಹೊಸ ಪಿಡಿಯು ಕಳಿಸಬೇಕು. ಬಂದ ತಿದ್ದುಪಡಿಯನ್ನು ಅರ್ಧ ಸೆಕೆಂಡಿನಲ್ಲಿ ಹರಡಿ ತೋರಿಸಿದರೆ ಕಣ್ಣಿಗೆ ಹೊಡೆಯುವುದಿಲ್ಲ.

ವೈಫೈ ಬಿಡಿ, ಒಂದು ಸಣ್ಣ ಸ್ವಿಚ್ ಮತ್ತು ಕೇಬಲ್ ಹಾಕಿ. ವೈಫೈನಲ್ಲಿ ಬ್ರಾಡ್‌ಕಾಸ್ಟ್ ಪ್ಯಾಕೆಟ್ ಕಳೆದುಹೋದರೆ ಮತ್ತೆ ಕಳಿಸುವ ವ್ಯವಸ್ಥೆ ಇಲ್ಲ.

ಯಲ್ಲಾಪುರ_ನಾಕೆ:
ತಮ್ಮಾ, ಕೆಲಸದ ವಿಷಯ ಹೇಳ್ತೇನೆ. ಸಿಮ್ಯುಲೇಟರ್ ಬಳಸುವ ಊರು ಬೇರೆ, ಬರೆಯುವ ಊರು ಬೇರೆ. ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಝೆನ್ ಟೆಕ್ನಾಲಜೀಸ್, ಯುದ್ಧ ವಿಶ್ಲೇಷಣೆಗೆ ದೆಹಲಿಯ ಡಿಆರ್‌ಡಿಒ ಲ್ಯಾಬ್, ಹೀಗೆ ನೋಡಬೇಕು. ಡಿಆರ್‌ಡಿಒ 'ಸೈಂಟಿಸ್ಟ್ ಬಿ' ಹುದ್ದೆಗೆ ಗೇಟ್ ಪರೀಕ್ಷೆಯ ಅಂಕ ಬೇಕು, ಅದನ್ನು ಈ ವರ್ಷವೇ ಬರೆ.

ಯೂನಿಟಿ ಒಂದೇ ಸಾಲದು. ಸಿ++, ಲೀನಿಯರ್ ಆಲ್ಜಿಬ್ರಾ, ಕ್ವಾಟರ್ನಿಯನ್ (ವಸ್ತು ತಿರುಗಿಸುವ ಗಣಿತ), ಯುಡಿಪಿ ಸಾಕೆಟ್ (ನೆಟ್‌ವರ್ಕ್ ಪ್ಯಾಕೆಟ್ ಕಳಿಸುವ ವಿಧಾನ) ಗಟ್ಟಿ ಇರಲಿ. ಡಿಐಎಸ್ ಆದಮೇಲೆ ಎಚ್‌ಎಲ್‌ಎ, ಅಂದರೆ ಸಿಮ್ಯುಲೇಟರ್‌ಗಳನ್ನು ಜೋಡಿಸುವ ಇನ್ನೊಂದು ಮಾನದಂಡ, ಐಇಇಇ 1516. ಅದಕ್ಕೆ ಪೋರ್ಟಿಕೋ ಎಂಬ ಉಚಿತ ಆರ್‌ಟಿಐ (ಎಚ್‌ಎಲ್‌ಎ ನಡೆಸುವ ಸಾಫ್ಟ್‌ವೇರ್) ಸಿಗುತ್ತದೆ. ಆದರೆ ಸಂದರ್ಶನದಲ್ಲಿ ನಿನ್ನನ್ನು ಬೇರೆಯವರಿಂದ ಬೇರ್ಪಡಿಸುವುದು ಚಿತ್ರದ ಚಂದ ಅಲ್ಲ, "ನಿನ್ನ ಹಡಗು ಸರಿಯಾಗಿ ತಿರುಗುತ್ತದೆ ಅಂತ ಹೇಗೆ ಗೊತ್ತು?" ಎನ್ನುವುದಕ್ಕೆ ಕೊಡುವ ಉತ್ತರ. ತಪ್ಪು ಮಾದರಿಯ ಮೇಲೆ ಕಲಿತವನು ನಿಜವಾದ ಸಮುದ್ರದಲ್ಲಿ ತಪ್ಪನ್ನೇ ಮಾಡುತ್ತಾನೆ. ಸಿಮ್ಯುಲೇಟರ್ ಬರೆಯುವವನ ದೊಡ್ಡ ಹೊಣೆ ಅದೇ.

ನೊಮೊಟೊ ಮಾದರಿಯಿಂದ ಶುರು ಮಾಡು. ಚುಕ್ಕಾಣಿ ಕೋನ ಕೊಟ್ಟರೆ ತಿರುಗುವ ವೇಗ ಸಿಗುತ್ತದೆ, ಕೆ (ಎಷ್ಟು ತಿರುಗುತ್ತದೆ) ಮತ್ತು ಟಿ (ಎಷ್ಟು ಬೇಗ ತಿರುಗಲು ಶುರುವಾಗುತ್ತದೆ) ಎರಡೇ ಸ್ಥಿರಾಂಕ. ಕೀ ಒತ್ತಿದ ಕೂಡಲೇ ಚುಕ್ಕಾಣಿ 35 ಡಿಗ್ರಿಗೆ ಹೋಗಬಾರದು. ನಿಯಮದ ಪ್ರಕಾರ ಒಂದು ಬದಿಯ 35ರಿಂದ ಇನ್ನೊಂದು ಬದಿಯ 30ಕ್ಕೆ 28 ಸೆಕೆಂಡಿನೊಳಗೆ ಹೋದರೆ ಸಾಕು, ಅಂದರೆ ಸೆಕೆಂಡಿಗೆ ಸುಮಾರು 2.3 ಡಿಗ್ರಿ. ಆಮೇಲೆ ಪೂರ್ತಿ ಚುಕ್ಕಾಣಿ ಹಾಕಿ ವೃತ್ತ ತಿರುಗಿಸು. 100 ಮೀಟರ್ ಉದ್ದದ ವಾಣಿಜ್ಯ ಹಡಗಿಗೆ ಐಎಂಒ (ಅಂತರರಾಷ್ಟ್ರೀಯ ಸಾಗರ ಸಂಸ್ಥೆ) ಮಿತಿ: ಮುಂದೆ ಸಾಗುವ ದೂರ 450 ಮೀಟರ್, ವೃತ್ತದ ಅಗಲ 500 ಮೀಟರ್ ಮೀರಬಾರದು. ನಿನ್ನದು ಎಷ್ಟು ಬಂತು ಎಂಬ ಗ್ರಾಫ್ ವರದಿಯಲ್ಲಿ ಇರಲಿ. ಈ ಲೆಕ್ಕವನ್ನು ಯೂನಿಟಿಯಲ್ಲಿ ಫ್ರೇಮಿಗೊಮ್ಮೆ ಓಡುವ ಅಪ್‌ಡೇಟ್‌ನಲ್ಲಿ ಬರೆಯಬೇಡ, ಫಿಕ್ಸ್ಡ್ ಅಪ್‌ಡೇಟ್‌ನಲ್ಲಿ 0.02 ಸೆಕೆಂಡಿಗೊಮ್ಮೆ ಓಡಿಸು. ಇಲ್ಲದಿದ್ದರೆ ನಿಧಾನದ ಲ್ಯಾಪ್‌ಟಾಪಿನಲ್ಲಿ ವೃತ್ತವೇ ಬೇರೆ ಬರುತ್ತದೆ.

ದೇವಗಡ_ದೀಪ:
ಒಂದು ಮಾತು ಬಿಟ್ಟಿದ್ದೆ, ಇದು ಮುಖ್ಯ. ನಕ್ಷೆಯಲ್ಲಿ ನೌಕಾನೆಲೆಯ ಜೆಟ್ಟಿ, ಕಟ್ಟಡ ಯಾವುದನ್ನೂ ಕೂರಿಸಬೇಡಿ. 1923ರ ಅಧಿಕೃತ ರಹಸ್ಯ ಕಾಯ್ದೆ ವಿದ್ಯಾರ್ಥಿ ಪ್ರಾಜೆಕ್ಟ್ ಎಂದು ಬಿಡುವುದಿಲ್ಲ. ಬೈತಖೋಲ್ ಕಡೆಯ ವಾಣಿಜ್ಯ ಬಂದರು ಸಾಕು, ಕಾಲ್ಪನಿಕ ಬಂದರಾದರೆ ಇನ್ನೂ ಒಳ್ಳೆಯದು. ಸಮುದ್ರದ ಆಳಕ್ಕೆ ಜೆಬ್ಕೊ (ಜಾಗತಿಕ ಸಮುದ್ರತಳ ನಕ್ಷೆ) ಡೇಟಾ ಹಾಕಿದ್ದರೆ ಗಮನಿಸಿ, ಅದರ ಒಂದೊಂದು ಚೌಕ 450 ಮೀಟರಿನಷ್ಟು. ಕೂರ್ಮಗಡದಂಥ ದ್ವೀಪ ಒಂದೆರಡು ಚೌಕದಲ್ಲಿ ಮುಗಿದುಹೋಗುತ್ತದೆ, ಅಳಿವೆಯ ಮರಳುದಿಬ್ಬ ಕಾಣುವುದೇ ಇಲ್ಲ. ಹಡಗು ತಳ ತಾಗುವುದನ್ನು ಕಲಿಸುವ ಪಾಠಕ್ಕೆ ಅದು ಆಗಿಬರುವುದಿಲ್ಲ. ಗುಡ್ಡಗಳಿಗೆ 30 ಮೀಟರ್ ಚೌಕದ ಎತ್ತರದ ಡೇಟಾ, ಎಸ್‌ಆರ್‌ಟಿಎಂ ಸಾಕು.

ಕಾಳಿ_ಸಂಗಮ:
ತುಂಬಾ ಧನ್ಯವಾದ. ಮೂಲಬಿಂದು ಕಳೆದ ಮೇಲೆ ನಡುಕ ನಿಂತಿತು. ಅಲ್ಗೊರಿದಂ 2 ಹಾಕಿದೆ, ಈಗ ಹಡಗು ತಪ್ಪು ದಿಕ್ಕಿಗೆ ಹೋಗಿ ವಾಪಸ್ ಬರುತ್ತದೆ.

ದೇವಗಡ_ದೀಪ:
ವೇಗವನ್ನು ಹಡಗಿನ ಅಕ್ಷದಲ್ಲಿ ಕಳಿಸುತ್ತಿದ್ದೀರಿ ಅನ್ನಿಸುತ್ತದೆ. 2ಕ್ಕೆ ಭೂಕೇಂದ್ರದ ಅಕ್ಷಗಳ ವೇಗ ಬೇಕು. ಹಡಗು ಸರಿಯಾಗಿ ಉತ್ತರಕ್ಕೆ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಹೋದರೆ ಕಾರವಾರದಲ್ಲಿ ಝಡ್ ವೇಗ ಸುಮಾರು 5.8 ಬರಬೇಕು, ಎಕ್ಸ್ ಮತ್ತು ವೈ ಎರಡೂ ಋಣ ಸಂಖ್ಯೆ. ವೈರ್‌ಶಾರ್ಕ್ (ನೆಟ್‌ವರ್ಕ್ ಪ್ಯಾಕೆಟ್ ನೋಡುವ ತಂತ್ರಾಂಶ) ಡಿಐಎಸ್ ಪ್ಯಾಕೆಟ್ ಬಿಡಿಸಿ ತೋರಿಸುತ್ತದೆ, ಒಂದು ಪಿಡಿಯು ತೆರೆದು ಈ ಮೂರು ಸಂಖ್ಯೆ ನೋಡಿ. ವಿಚಿತ್ರವಾದ ದೊಡ್ಡ ಸಂಖ್ಯೆ ಕಂಡರೆ ಬೈಟ್ ಕ್ರಮ ತಿರುಗಿಸಿಲ್ಲ ಎಂದರ್ಥ, ಡಿಐಎಸ್ ಬಿಗ್-ಎಂಡಿಯನ್ (ದೊಡ್ಡ ಬೆಲೆಯ ಬೈಟ್ ಮೊದಲು).